ಎರಡು ಅಳತೆಯ ಕುಪ್ಪಸ

ಅವ್ವ ಮಂಚದ ಮೇಲೆ ನನ್ನ ಎರಡು ಕುಪ್ಪಸಗಳನ್ನು ಅಕ್ಕಪಕ್ಕ ಹರವಿ, ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಒಂದು ಹೋದ ದೀಪಾವಳಿಗೆ ಹೊಲಿಸಿದ ಹಸಿರು ಕುಪ್ಪಸ. ಇನ್ನೊಂದು ನಾನು ಹನ್ನೆರಡನೆಯ ಇಯತ್ತೆಯಲ್ಲಿದ್ದಾಗ ಕಾಲೇಜಿನ ಗ್ಯಾದರಿಂಗಿಗೆಂದು ಹೊಲಿಸಿದ ಗುಲಾಬಿ ಬಣ್ಣದ್ದು. ದೀಪಾವಳಿಯದು ಈಗ ನನ್ನ ಮೈಮೇಲೆ ಹಗ್ಗದ ಮೇಲೆ ಒಣಹಾಕಿದಂತೆ ಜೋತುಬೀಳುತ್ತಿತ್ತು. ಕಾಲೇಜಿನದು ಸರಿಯಾಗಿ ಕೂರುತ್ತಿತ್ತು. ಮದುವೆಗೆ ಬಂದ ಹುಡುಗಿಗೆ ಕಾಲೇಜಿನ ಕುಪ್ಪಸ ಹಿಡಿಸುವುದು ಬೇರೆಯವರ ಮನೆಯಲ್ಲಿ ಹೆಮ್ಮೆಯ ಮಾತಾಗುತ್ತಿತ್ತೋ ಏನೋ. ನಮ್ಮ ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಇವೆರಡರಲ್ಲಿ ಒಂದು ಕುಪ್ಪಸ ಬೀಗರ ಮನೆಗೆ ಅಳತೆಗೆಂದು ಹೋಗಬೇಕಿತ್ತು. ನಮ್ಮ ಕಡೆ ಅಕ್ಷತೆಯ ಹೊತ್ತಿಗೆ ಹುಡುಗಿ ಉಡುವ ಸೀರೆ ಗಂಡಿನ ಮನೆಯದು. ಅದರ ಕುಪ್ಪಸವನ್ನು ಹೊಲಿಸಿ, ಸೀರೆಯ ಜೊತೆ ತಟ್ಟೆಯಲ್ಲಿಟ್ಟು ತರುವುದೂ ಅವರದೇ ಕೆಲಸ. ನಾವಿರುವುದು ನಾಶಿಕದಲ್ಲಿ, ಅವರಿರುವುದು ಛತ್ರಪತಿ ಸಂಭಾಜಿನಗರದಲ್ಲಿ. ಅಲ್ಲಿಯ ದರ್ಜಿ ನನ್ನನ್ನು ಕಣ್ಣಿಂದ ಕಂಡವನಲ್ಲ. ನಾವು ಯಾವ ಕುಪ್ಪಸ ಕಳಿಸುತ್ತೇವೋ ಅದೇ ನಾನು ಅಂತ ತಿಳಿದು ಅವನು ಕತ್ತರಿ ಹಾಕುತ್ತಾನೆ. ಸೀರೆಯ ಜೊತೆ ಬರುವ ಪೀಸು ಒಂದೇ ಕುಪ್ಪಸದಷ್ಟು, ಒಮ್ಮೆ ಕತ್ತರಿ ಬಿತ್ತೆಂದರೆ ಮುಗಿಯಿತು.

ನಿಶ್ಚಯವಾದದ್ದು ದೀಪಾವಳಿ ಕಳೆದ ಮೇಲೆ. ಆಗ ನಾನು ದುಂಡುದುಂಡಗೆ ಇದ್ದೆ, ಆ ಹಸಿರು ಕುಪ್ಪಸ ನನಗೆ ಬಿಗಿಯೇ ಆಗಿತ್ತು. ಅದಾಗಿ ಸ್ವಲ್ಪ ದಿನಕ್ಕೆ ಹೊಟ್ಟೆನೋವು, ಸಂಜೆಯಾದರೆ ಜ್ವರ, ಉಂಡದ್ದು ಮೈಗೆ ಹತ್ತದು. ಊಟ ನೋಡಿದರೆ ಮುಖ ತಿರುಗಿಸುವಂತಾಯಿತು. ತಪಾಸಣೆಯೆಲ್ಲ ಆದ ಮೇಲೆ ಡಾಕ್ಟರು ಹೊಟ್ಟೆಯ ಟೀಬಿ ಅಂದರು. ಇದು ಇನ್ನೊಬ್ಬರಿಗೆ ಹರಡುವಂಥದ್ದಲ್ಲ, ಅರ್ಧ ವರ್ಷ ತಪ್ಪದೆ ಗುಳಿಗೆ ನುಂಗಿದರೆ ಪೂರ್ತಿ ವಾಸಿಯಾಗುತ್ತದೆ, ಮದುವೆಗೇನೂ ಅಡ್ಡಿಯಿಲ್ಲ ಅಂತ ಬಿಡಿಸಿ ಬಿಡಿಸಿ ಹೇಳಿದರು. ಅವ್ವನಿಗೆ ರೋಗದ ಹೆಸರೊಂದು ಕೇಳಿಸಿತು, ಮುಂದಿನದು ಯಾವುದೂ ಕೇಳಿಸಲಿಲ್ಲ.

ಈಗ ಮಾರ್ಚ್ ಮುಗಿಯುತ್ತ ಬಂದಿತ್ತು. ಮದುವೆ ಮೇ ತಿಂಗಳಲ್ಲಿ. ಜ್ವರ ಬಿಟ್ಟಿತ್ತು, ಹಸಿವೆ ಮರಳಿತ್ತು. ಹೋದ ಮಾಂಸ ಮಾತ್ರ ಬಂದಿರಲಿಲ್ಲ.

"ಗುಲಾಬಿ ಜಂಪರ್ ಕಳ್ಸು," ಅಂದೆ ನಾನು. "ಅದಾ ನನ್ನ ಅಳತಿ ಈಗ."

"ಅದನ್ನ ಕಳ್ಸಿದ್ರ ಜಂಪರ್ ಕಳ್ಸಿದಂಗ ಆಗಂಗಿಲ್ಲ, ಸುದ್ದಿ ಕಳ್ಸಿದಂಗ ಆಗ್ತದ," ಅಂದಳು ಅವ್ವ. "ದೀಪಾವಳಿಗಿ ಹಂಗಿದ್ದಾಕಿ ಈಗ್ಯಾಕ ಹಿಂಗ ಆದ್ಳು ಅಂತ ಕೇಳಂಗಿಲ್ಲೇನು ಅವರು?"

"ಕೇಳಲಿ. ಹೇಳೋಣು. ಡಾಕ್ಟರೇ ಏನಿಲ್ಲ ಅಂದಾರ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದು ಮನೆಯವರೆಲ್ಲರಿಗೂ ಗೊತ್ತು. ಮುಚ್ಚಿಟ್ಟು ಮದುವೆಯಾಗುವುದಕ್ಕಿಂತ ಆಗದೇ ಇರುವುದು ಮೇಲು ಅಂತ ಜೋರು ಮಾಡಿದೆ. ಹಸಿರು ಕುಪ್ಪಸದ ಅಳತೆಗೆ ಹೊಲಿದದ್ದು ಹಾಕಿಕೊಂಡು ಅಕ್ಷತೆಗೆ ನಿಂತರೆ ಬಂದವರು ಹುಡುಗಿ ಎಲ್ಲಿದ್ದಾಳೆ ಅಂತ ಕೇಳುತ್ತಾರೆ ಅಂದೆ. ಅಪ್ಪ ಹೊರಗಿನ ಕೋಣೆಯಲ್ಲಿ ಪೇಪರು ಹಿಡಿದು ಕೂತಿದ್ದ. ನಿಫಾಡದ ದ್ರಾಕ್ಷಿ ಕೋಲ್ಡ್ ಸ್ಟೋರೇಜಿನಲ್ಲಿ ಇಷ್ಟು ವರ್ಷ ಕೆಲಸ ಮಾಡಿದ ಮನುಷ್ಯ, ಮನೆಯ ಜಗಳದಲ್ಲೂ ತಣ್ಣಗಿರುತ್ತಾನೆ. "ಇಬ್ಬರ ನಡುವಿನ ಅಳತಿದು ಒಂದು ಹುಡುಕ್ರಿ," ಅಂತ ಅಲ್ಲಿಂದಲೇ ಹೇಳಿದ.

ಅವ್ವ ನನ್ನ ಜೊತೆ ಜಗಳಕ್ಕೆ ಬರಲಿಲ್ಲ. ಮಂಚದ ಅಂಚಿಗೆ ಕೂತು ಹಸಿರು ಕುಪ್ಪಸವನ್ನು ಮಡಚುತ್ತ, "ನನ್ನ ತಂಗೀ ಮದವಿ ಹಿಂಗಾ ಮುರೀತು," ಅಂದಳು. ಬೀದರದ ಆ ಚಿಕ್ಕವ್ವನನ್ನು ನಾನು ಬಲ್ಲೆ. ಒಬ್ಬಂಟಿಯಾಗಿಯೇ ಉಳಿದಳು, ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದಳು, ನಮಗೆಲ್ಲ ಉಂಡಿ ಕಟ್ಟಿ ಕಳಿಸುತ್ತಿದ್ದಳು. ಅವಳು ಯಾಕೆ ಮದುವೆಯಾಗಲಿಲ್ಲ ಅಂತ ನಾವು ಯಾರೂ ಕೇಳಿದವರಲ್ಲ. "ಗುಳಿಗಿ ನುಂಗಿ ಆರಾಮಾ ಆದ್ಳು. ಆದ್ರ ಮಂದಿ ಬಾಯಿಗಿ ಗುಳಿಗಿ ಇಲ್ಲ," ಅಂದಳು ಅವ್ವ. "ಇನ್ನ ಎರಡು ತಿಂಗಳು ಅದ. ನೀ ಉಣ್ಣು. ಈ ಹಸರು ಜಂಪರಿನಷ್ಟು ನಿನ್ನ ತುಂಬಿಸಿ ನಿಲ್ಲಸ್ತೀನಿ ನಾ."

ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದಳು. ನಾನು ಗುಲಾಬಿ ಕುಪ್ಪಸವನ್ನು ಎತ್ತಿ ಕಪಾಟಿನಲ್ಲಿಟ್ಟೆ.

ಜವಳಿಗೆ ಎರಡೂ ಕಡೆಯವರು ಯೇವಲಾದಲ್ಲಿ ಕೂಡುವುದೆಂದಾಗಿತ್ತು. ನಾಶಿಕಕ್ಕೂ ಸಂಭಾಜಿನಗರಕ್ಕೂ ಸರಿಸುಮಾರು ನಡುವಿನ ಊರು, ಪೈಠಣಿ ಸೀರೆ ನೇಯುವ ಊರು. ಹೊರಡುವ ದಿನ ಬೆಳಿಗ್ಗೆ ಅವ್ವ ನನಗೆ ಗುಲಾಬಿ ಕುಪ್ಪಸ ಹಾಕಿಸಿದಳು. ಅದರ ಮೇಲೆ ಇನ್ನೊಂದು ಸಡಿಲ ಕುಪ್ಪಸ ಹಾಕಿಸಿದಳು. ಸೀರೆಯ ಒಳಗೆ ಎರಡು ಒಳಲಂಗ. ಕನ್ನಡಿಯ ಮುಂದೆ ನಿಲ್ಲಿಸಿ ಸೆರಗು ತೆರೆದು ಹೊದಿಸಿ, "ಈಗ ನೋಡು, ಮೊದಲಿನಂಗೇ ಕಾಣ್ತಿ," ಅಂದಳು. ಆ ಬಿಸಿಲಿಗೆ ಜೀಪಿನಲ್ಲಿ ಕೂತು ನಿಫಾಡ ದಾಟುವಷ್ಟರಲ್ಲೇ ನಾನು ಬೆವತು ತೊಪ್ಪೆಯಾಗಿದ್ದೆ. ಅಪ್ಪ ಕಿಟಕಿ ತೆಗೆದು ದ್ರಾಕ್ಷಿ ತೋಟಗಳನ್ನು ತೋರಿಸುತ್ತ ಬಂದ. ನನಗೆ ಯಾವ ತೋಟವೂ ಬೇಕಿರಲಿಲ್ಲ.

ಅತ್ತೆಯಾಗುವವರು ಅಂಗಡಿಯ ಗಾದಿಯ ಮೇಲೆ ಆಗಲೇ ಕೂತಿದ್ದರು. ಗಟ್ಟಿಮುಟ್ಟಾದ ಹೆಂಗಸು, ಹಣೆಯ ಮೇಲೆ ವಿಭೂತಿ, ಮಾತು ಕಡಿಮೆ. ಕಲಬುರಗಿ ಕಡೆಯಿಂದ ಮದುವೆಯಾಗಿ ಬಂದ ಅವರು ಮಹಾರಾಷ್ಟ್ರದಲ್ಲಿ ಅರ್ಧ ಆಯುಷ್ಯ ಕಳೆದರೂ ಮರಾಠಿಯನ್ನು ಬೇಕಾದಷ್ಟೇ ಆಡುತ್ತಿದ್ದರು. ಅವರ ಮಗ, ಅಂದರೆ ನನ್ನ ಗಂಡನಾಗುವವನು, ಮಾತಿಗೆ ಮೊದಲು ಮರಾಠಿ ತೆಗೆಯುವವನು. ಶೇಂದ್ರಾದ ಕಾರ್ಖಾನೆಯಲ್ಲಿ ಅವನಿಗೆ ಅಂದು ರಜೆ ಸಿಕ್ಕಿರಲಿಲ್ಲ. ಸದ್ಯ, ಬದುಕಿದೆ ಅಂದುಕೊಂಡೆ.

ಅತ್ತೆ ನೇರಳೆ ಬಣ್ಣದ ಪೈಠಣಿಯೊಂದನ್ನು ಬಿಡಿಸಿ, ನನ್ನನ್ನು ಕರೆದು, ತಾವೇ ಎದ್ದು ಹೆಗಲ ಮೇಲೆ ಹಾಕಿ ನೋಡಿದರು. ಸೆರಗನ್ನು ಒತ್ತಿ ಸರಿಮಾಡುವಾಗ ಅವರ ಕೈ ನನ್ನ ಬೆನ್ನಿನ ಮೇಲೆ ಬಂತು, ಹೆಗಲಿನ ಎಲುಬಿನ ಹತ್ತಿರ ತುಸು ನಿಂತಿತು, ಮತ್ತೆ ತೋಳಿಗೆ ಇಳಿಯಿತು. ಅವ್ವ ಒಂದೇ ಸಮನೆ ಮಾತಾಡತೊಡಗಿದಳು, ಬಣ್ಣದ ಬಗ್ಗೆ, ಜರಿಯ ಬಗ್ಗೆ, ಬಿಸಿಲಿನ ಬಗ್ಗೆ. ಅತ್ತೆ, "ಈ ಬಣ್ಣ ಪೋರಿಗಿ ಒಪ್ತದ್ರಿ ಬೀಗರ," ಅಂದರು. ಸೀರೆಯನ್ನು ಮಡಚಲು ಅಂಗಡಿಯವನ ಕೈಗೆ ಕೊಟ್ಟರು.

ಮಧ್ಯಾಹ್ನ ಊರ ಹೊರಗೆ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಅತ್ತೆ ತಮ್ಮ ಗಾಡಿಯಿಂದ ಒಂದು ಕೌದಿ ತಂದು ಹಾಸಿದರು. ಹಳೆಯ ಸೀರೆಗಳ ತುಂಡು ಸೇರಿಸಿ ಅವರೇ ಹೊಲಿದದ್ದು. ದಪ್ಪ ಬಿಳಿ ದಾರದ ಹೊಲಿಗೆ, ಎರಡು ಉದ್ದ ಒಂದು ಗಿಡ್ಡ, ಎರಡು ಉದ್ದ ಒಂದು ಗಿಡ್ಡ, ಹಾಗೆಯೇ ಮೂಲೆಯಿಂದ ಮೂಲೆಗೆ. "ನಮ್ಮವ್ವ ಹಿಂಗಾ ಹಾಕ್ತಿದ್ಳು, ನನ್ನ ಕೈಗೂ ಅದಾ ಕೂತದ," ಅಂದರು ಅತ್ತೆ, ಅವ್ವ ಹೊಗಳಿದಾಗ. ಅವ್ವ ಆ ಹೊಲಿಗೆಯ ಮೇಲೆ ಬೆರಳಾಡಿಸಿ, ತನಗೆ ಇಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ ಅಂದಳು. ನನ್ನ ತಟ್ಟೆಗೆ ಅತ್ತೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದರು, ಅದರ ಮೇಲೆ ಶೇಂಗಾ ಹಿಂಡಿ, ಅದರ ಮೇಲೆ ಎಣ್ಣೆ.

ಊಟವಾದ ಮೇಲೆ ಅವ್ವ ಚೀಲದಿಂದ ಹಸಿರು ಕುಪ್ಪಸ ತೆಗೆದುಕೊಟ್ಟಳು. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಇದಾ ಅಳತೀ ಏನ್ರಿ ಬೀಗರ?"

"ಹೌದ್ರಿ. ಇದಾ," ಅಂದಳು ಅವ್ವ.

"ಅತ್ತೀ," ಅಂತ ನಾನು ಬಾಯಿ ತೆರೆದೆ. ಅವ್ವ ನನ್ನ ಕಾಲನ್ನು ತನ್ನ ಕಾಲಿಂದ ಒತ್ತಿದಳು. ನಾನು ಅವಳ ಮುಖ ನೋಡಿದೆ. ಅಷ್ಟು ಭಯ ಆ ಮುಖದ ಮೇಲೆ ನಾನು ಆಸ್ಪತ್ರೆಯಲ್ಲೂ ಕಂಡಿರಲಿಲ್ಲ. "ನೀರು ಬೇಕೇನ್ರಿ," ಅಂತ ಮಾತು ಮುಗಿಸಿದೆ. ಅತ್ತೆ ಬೇಡವೆಂದು ತಲೆಯಾಡಿಸಿ, ಕುಪ್ಪಸವನ್ನು ಸಣ್ಣಗೆ ಮಡಚಿ ಚೀಲದ ತಳದಲ್ಲಿಟ್ಟುಕೊಂಡರು.

ಅಂದಿನಿಂದ ಅವ್ವ ನನಗೆ ಉಣ್ಣಿಸುವುದನ್ನೇ ಕಸುಬು ಮಾಡಿಕೊಂಡಳು. ಮೊಟ್ಟೆ ತಿನ್ನಿಸಿ ಅಂದ ಡಾಕ್ಟರರನ್ನು ಅವಳು ನೋಡಿದ ನೋಟಕ್ಕೆ, ಲಿಂಗ ಕಟ್ಟಿದವರ ಮನೆಯಲ್ಲಿ ಮೊಟ್ಟೆಯ ಮಾತೆತ್ತಬಾರದೆಂದು ಅವರಿಗೂ ತಿಳಿದಿರಬೇಕು. ಅದರ ಬದಲು ಶೇಂಗಾ, ಬೆಲ್ಲ, ಪುಟಾಣಿ, ತುಪ್ಪ, ಮೊಳಕೆ ಕಟ್ಟಿದ ಮಡಿಕೆಕಾಳು, ಕೆನೆ ತೆಗೆಯದ ಹಾಲು. ನಾನು ಚಿಕ್ಕ ಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಊಟದ ಡಬ್ಬಿಯ ಜೊತೆ ಇನ್ನೊಂದು ಡಬ್ಬಿ ಬಂತು, ಆಮೇಲೆ ಮತ್ತೊಂದು. ಸಂಜೆ ಮನೆಗೆ ಬಂದರೆ ಹಿಂದಿನಿಂದ ಬಂದು ಎರಡೂ ಕೈಯಲ್ಲಿ ನನ್ನ ನಡು ಹಿಡಿದು ನೋಡುವಳು. ಬೆರಳುಗಳು ನಿನ್ನೆ ಎಲ್ಲಿಗೆ ಬಂದಿದ್ದವು, ಇವತ್ತು ಎಲ್ಲಿಗೆ ಬಂದವು ಅನ್ನುವುದು ಅವಳ ಲೆಕ್ಕ.

"ನಾ ಏನ್ ಸಂತಿಗಿ ಒಯ್ಯೋ ಆಡಾ ಏನು?" ಅಂತ ಒಂದು ದಿನ ಚೀರಿದೆ. ಅವ್ವ ಕೈ ತೆಗೆದಳು, ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಹಾಲಿನ ಲೋಟದ ಜೊತೆ ಬಂದು ನಿಂತಳು. ಅವಳ ಮೇಲೆ ಎಷ್ಟು ಸಿಟ್ಟು ಮಾಡಿದರೂ ಲೋಟ ಬರುವುದು ನಿಲ್ಲುತ್ತಿರಲಿಲ್ಲ. ನಾನು ಕುಡಿದೆ. ಹಾಗೆ ಕುಡಿಯುವಾಗ ಅವಳು ನನ್ನ ಗಂಟಲನ್ನೇ ನೋಡುತ್ತ ನಿಲ್ಲುತ್ತಿದ್ದಳು, ನಾನು ಕೂಸಾಗಿದ್ದಾಗಲೂ ಹೀಗೆಯೇ ನಿಂತಿದ್ದಳೇನೋ.

ಮೇ ಬಂತು. ನಾನು ಒಂದಿಷ್ಟು ತುಂಬಿಕೊಂಡಿದ್ದೆ. ಗುಲಾಬಿ ಕುಪ್ಪಸ ಬಿಗಿಯಾಗತೊಡಗಿತ್ತು. ಆದರೆ ಹಸಿರು ಕುಪ್ಪಸದ ಅಳತೆಗೆ ಇನ್ನೂ ಎಷ್ಟೋ ದೂರವಿತ್ತು. ಅದು ಅವ್ವನಿಗೂ ಗೊತ್ತಿತ್ತು, ಹೇಳಿಕೊಳ್ಳುತ್ತಿರಲಿಲ್ಲ ಅಷ್ಟೇ.

ಮದುವೆ ಸಂಭಾಜಿನಗರದಲ್ಲಿ, ಗಂಡಿನ ಕಡೆಯವರು ಹಿಡಿದ ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನ ಅರಿಶಿಣ ಹಚ್ಚುವಾಗ ಅತ್ತೆಯೂ ಬಂದು ನನ್ನ ಎರಡೂ ತೋಳಿಗೆ ಅರಿಶಿಣ ಸವರಿದರು. ಸವರಿದ ಮೇಲೂ ತುಸು ಹೊತ್ತು ತೋಳು ಹಿಡಿದೇ ಕೂತಿದ್ದು ಎದ್ದು ಹೋದರು. ಮರುದಿನ ಬೆಳಿಗ್ಗೆ ಹೆಣ್ಣಿನ ಕೋಣೆಗೆ ತಟ್ಟೆ ಬಂತು. ನೇರಳೆ ಸೀರೆ, ಅದರ ಮೇಲೆ ಮಡಚಿಟ್ಟ ಕುಪ್ಪಸ, ಹಸಿರು ಬಳೆ, ಹೂವು. ಅವ್ವ ಉಳಿದವರನ್ನೆಲ್ಲ ಹೊರಗೆ ಕಳಿಸಿ ಕೋಣೆಯ ಚಿಲಕ ಹಾಕಿದಳು. ಅವಳ ಮುಷ್ಟಿಯೊಳಗೆ ಪಿನ್ನುಗಳಿದ್ದವು. ಬೆನ್ನಿನ ಕಡೆ ಬಟ್ಟೆ ಒಟ್ಟುಗೂಡಿಸಿ ಪಿನ್ನು ಹಚ್ಚಿ, ಮೇಲೆ ಸೆರಗು ಹೊದಿಸಿದರಾಯಿತು ಅನ್ನುವುದು ಅವಳ ಉಪಾಯ. ಅಕ್ಷತೆ ಹಾಕುವಾಗ ಸೆರಗು ಜಾರಿದರೆ ಏನು ಗತಿ ಅಂತ ನಾನು ಕೇಳಲಿಲ್ಲ.

ಕುಪ್ಪಸಕ್ಕೆ ತೋಳು ತೂರಿಸಿದೆ. ಹುಕ್ಕು ಹಾಕಿದೆ. ಎಲ್ಲ ಹುಕ್ಕುಗಳೂ ಬಿದ್ದವು, ಎಲ್ಲೂ ಸಡಿಲವಾಗಲಿಲ್ಲ, ಎಲ್ಲೂ ಬಿಗಿಯಾಗಲಿಲ್ಲ. ಹೆಗಲು ಹೆಗಲಿನ ಮೇಲೆ ಕೂತಿತ್ತು, ತೋಳು ತೋಳಿಗೆ ಕೂತಿತ್ತು.

ಅವ್ವ ಸುತ್ತ ಒಂದು ಸುತ್ತು ಬಂದಳು. "ತುಂಬ್ಕೊಂಡಿ ನೋಡು," ಅಂದಳು. "ಹಸರು ಜಂಪರಿನಷ್ಟಾ ತುಂಬ್ಕೊಂಡಿ. ನನ್ನ ಕಣ್ಣಿಗೇ ತಿಳಿಲಿಲ್ಲ." ಪಿನ್ನುಗಳನ್ನು ಕಿಟಕಿಯ ಮೇಲಿಟ್ಟು, ನನ್ನ ಕೆನ್ನೆ ಎರಡನ್ನೂ ಹಿಡಿದು, ಕಣ್ಣೀರು ಕಾಡಿಗೆಗೆ ತಾಗದಂತೆ ಮುಖ ಆಚೆ ಹಿಡಿದು ಅತ್ತಳು. ಅಷ್ಟು ದಿನಗಳ ಮೇಲೆ ಅವಳು ನಿರಾಳವಾಗಿ ಉಸಿರಾಡಿದ್ದು ಅವತ್ತು.

ನನಗೆ ಮಾತ್ರ ಕಂಕುಳ ಕೆಳಗೆ ಏನೋ ಒತ್ತುತ್ತಿತ್ತು. ಅವ್ವ ಚಿಲಕ ತೆಗೆಯಲು ತಿರುಗಿದಾಗ ಬೆರಳು ಹಾಕಿ ನೋಡಿದೆ. ಒಳಗೆ ಪಕ್ಕದಲ್ಲಿ ಬಟ್ಟೆ ದಪ್ಪಗೆ ಮಡಚಿಕೊಂಡಿತ್ತು. ಮಡಿಕೆಯ ಉದ್ದಕ್ಕೂ ದಾರದ ಹೊಲಿಗೆ. ಮಶಿನ್ನಿನದಲ್ಲ, ಕೈಯದು. ಎರಡು ಉದ್ದ, ಒಂದು ಗಿಡ್ಡ. ಬೆರಳು ಅಲ್ಲಿಯೇ ನಿಂತಿತು.

ಆ ಮೇಲೆ ಅಕ್ಷತೆ ಬಿದ್ದದ್ದು, ವಾದ್ಯ ಬಾರಿಸಿದ್ದು, ಯಾರು ಯಾರು ಬಂದಿದ್ದರು, ನನಗೆ ಸರಿಯಾಗಿ ನೆನಪಿಲ್ಲ. ಅತ್ತೆ ಮುಂದೆಯೇ ನಿಂತಿದ್ದರು. ನನ್ನ ಮುಖ ನೋಡಲಿಲ್ಲ, ಕುಪ್ಪಸದ ಹೆಗಲನ್ನೊಮ್ಮೆ ನೋಡಿದರು, ಅಲ್ಲಿಂದ ಊಟದ ಪಂಕ್ತಿಯ ಕಡೆಗೆ ಹೋದರು.

ಮದುವೆಯಾದ ಮೊದಲ ವಾರದಲ್ಲೇ ನಾವಿಬ್ಬರೂ ಬೈಕಿನ ಮೇಲೆ ವೇರೂಳದ ಶಿವನ ಗುಡಿಗೆ ಹೋದೆವು. ದಾರಿಯಲ್ಲಿ ಗಂಡನಿಗೆ ಎಲ್ಲ ಹೇಳಿಬಿಟ್ಟೆ. ಅವನ ಬೆನ್ನಿಗೆ ಹೇಳುವುದು ಸುಲಭವಾಗಿತ್ತು. ಅವನು ಬೈಕು ನಿಲ್ಲಿಸಿದ. "ಅರೇ, ಮಗ ಆಧೀ ಸಾಂಗಾಯ್ಚ ನಾ," ಅಂದ. ಮೊದಲೇ ಹೇಳಬೇಕಿತ್ತಲ್ಲ ಅಂತ ಅವನ ನೋವು. ಖರೆಯೇ, ಹೇಳಬೇಕಿತ್ತು. ಆಮೇಲೆ ದೌಲತಾಬಾದಿನವರೆಗೂ ಅವನು ತುಟಿ ಬಿಚ್ಚಲಿಲ್ಲ. ಅಲ್ಲಿ ಬೈಕು ನಿಲ್ಲಿಸಿ ಕಬ್ಬಿನಹಾಲಿನ ಅಂಗಡಿಗೆ ಹೋದವನು ಎರಡು ಗ್ಲಾಸು ಹೇಳಿ, "ಹಿಚಾ ಬಿನಾ ಬರ್ಫಾಚಾ," ಅಂದ. ನನ್ನ ಗ್ಲಾಸಿಗೆ ಐಸು ಬೇಡ ಅಂತ. ನಮ್ಮ ಮಧ್ಯದ ಜಗಳ ಅಲ್ಲಿಗೆ ಮುಗಿಯಿತು.

ಅತ್ತೆಯ ವಿಷಯವೇ ನನಗೆ ಬಗೆಹರಿಯದ್ದು. ಆ ಹೊಲಿಗೆ ಹಾಕಿದವರು ಅವರೇ ಅನ್ನುವುದರಲ್ಲಿ ಸಂಶಯವಿರಲಿಲ್ಲ. ಆದರೆ ಹಾಗೆ ಹೊಲಿದು ಕಾಪಾಡಿದವರು ದಿನಾ ಬೆಳಿಗ್ಗೆ ಮನೆಯವರಿಗೆಲ್ಲ ಚಹಾ ಕೊಟ್ಟು, ಕೆಲಸದವಳಿಗೂ ಕೊಟ್ಟು, ನನಗೆ ಮಾತ್ರ ಎಲ್ಲರಿಗಿಂತ ಕಡೆಗೆ, ಹೊತ್ತು ಏರಿದ ಮೇಲೆ ಕೊಡುತ್ತಿದ್ದರು. ನಾನು ಸೊಸೆ, ಕಡೆಯ ಪಾಲು ನನ್ನದು ಅಂತ ತೋರಿಸುತ್ತಿದ್ದಾರೆ ಅಂದುಕೊಂಡು ಒಳಗೊಳಗೇ ಕುದಿಯುತ್ತಿದ್ದೆ. ಬೆಳಿಗ್ಗೆದ್ದು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಗುಳಿಗೆ ನುಂಗಿ ಬರುವುದು, ಬಂದು ಮುಖ ಊದಿಸಿಕೊಂಡು ಕೂರುವುದು, ಇದು ನನ್ನ ಹೊಸ ಸಂಸಾರ.

ಒಂದು ದಿನ ತಡೆಯಲಾಗದೆ ಕೇಳಿಯೇಬಿಟ್ಟೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಮನೆಯಲ್ಲಿ ನಾವಿಬ್ಬರೇ ಇದ್ದೆವು.

"ಅತ್ತೀ, ಆ ಜಂಪರಿನ ಒಳಗ ಕೈಹೊಲಿಗಿ ಹಾಕಿದೋರು ನೀವಾ ಏನ್ರಿ?"

"ಮತ್ತ್ಯಾರು ಹಾಕ್ತಾರ? ದರ್ಜಿಗಿ ಅಷ್ಟು ಛಂದ ಬರ್ತದೇನು?" ಅಂದರು ರೊಟ್ಟಿಯಿಂದ ಕಣ್ಣೆತ್ತದೆ.

"ನಿಮಗ ಹ್ಯಾಂಗ ಗೊತ್ತಾತ್ರಿ?"

"ಯೇವಲಾದಾಗ ಸೀರಿ ಹಾಕಿ ನೋಡಿದ್ನಲ್ಲ, ಕೈಗಿ ಎರಡು ಜಂಪರ್ ಹತ್ತಿದ್ವು. ಅಂಥಾ ಬಿಸಲಾಗ ಯಾರು ಎರಡು ಜಂಪರ್ ಹಾಕ್ಕೋತಾರ, ಯವ್ವಾ? ಆ ಮ್ಯಾಲ ನಿಮ್ಮವ್ವ ಹಸರು ಜಂಪರ್ ಕೊಟ್ರು. ಅದರಾಗ ನೀ ಇದ್ದಿದ್ದಿಲ್ಲ."

"ಮತ್ತ ಆಗಾ ಕೇಳಬೇಕಿತ್ತಲ್ರಿ."

ಅವರು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರಿದರು. "ಕೇಳಿದ್ರ ನಿಮ್ಮವ್ವ ಏನ್ ಹೇಳ್ಬೇಕು? ಮಗಳು ತುಂಬ್ಕೋತಾಳ ಅಂತ ನಂಬಿ ಕೊಟ್ಟ ಅಳತಿ ಅದು. ಅದು ಸುಳ್ಳು ಅಂತ ನಾ ಹ್ಯಾಂಗ ಅನ್ನಲಿ? ಕತ್ತರಿ ಅವರ ಅಳತಿಗೇ ಹಾಕ್ಸಿದೆ. ಸಣ್ಣದು ಕತ್ತರಿಸಿದ್ರ ದೊಡ್ಡದು ಮಾಡಾಕ ಬರಂಗಿಲ್ಲ. ಮ್ಯಾಲ ಅಂದಾಜಿಲೆ ನಾ ಕಚ್ಚಾ ಹೊಲಿಗಿ ಹಾಕಿದೆ, ಒಂದರ ಒಳಗ ಒಂದು, ಸಾಲು ಸಾಲು. ಅರಿಶಿಣದ ದಿನ ನಿನ್ನ ತೋಳು ಹಿಡದು ನೋಡಿ, ಮನಿಗಿ ಬಂದು ಒಂದು ಸಾಲು ಬಿಚ್ಚಿದೆ. ಅಷ್ಟಾ."

"ನನಗ ಏನಾಗಿತ್ತು ಅಂದ್ರ," ಅಂತ ಶುರುಮಾಡಿದೆ.

"ಗುಳಿಗಿ ನೋಡೀನಿ ನಾ. ನಮ್ಮ ಓಣ್ಯಾಗೂ ಮಂದಿ ನುಂಗಿ ಆರಾಮಾಗ್ಯಾರ. ಅದು ಖಾಲಿ ಹೊಟ್ಟಿಲೆ ನುಂಗಬೇಕಲ್ಲ? ನುಂಗಿ ಸ್ವಲ್ಪ ಹೊತ್ತು ಏನೂ ತಗೋಬಾರದಂತ. ಅದಕ್ಕಾ ನಿನಗ ಚಾ ತಡಾ ಕೊಡ್ಲತ್ತೀನಿ." ರೊಟ್ಟಿ ಮಗುಚಿ ಹಾಕಿ, ಮೊದಲ ಸಲ ನನ್ನ ಕಡೆ ತಿರುಗಿದರು. "ಇನ್ನ ಬಚ್ಚಲದಾಗ ನಿಂತು ನುಂಗಬ್ಯಾಡ. ಇಲ್ಲಿ ಕೂತು ನುಂಗು. ನೀರು ನಾ ಕೊಡ್ತೀನಿ."

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ನನ್ನಂಥ ಜಗಳಗಂಟಿಗೆ ಅಳುವುದು ಅಷ್ಟು ಸುಲಭವಲ್ಲ. ಅತ್ತೆ ನನ್ನನ್ನು ಸುಮ್ಮನಾಗಿಸಲು ಬರಲಿಲ್ಲ, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ ಮುಂದಿಟ್ಟರು. "ಅತ್ತುಕೋತ ತಿಂದ್ರೂ ಮೈಗಿ ಹತ್ತತದ," ಅಂದರು. ಅಳುತ್ತಿದ್ದವಳಿಗೆ ನಗು ಬಂತು.

ಗುಳಿಗೆಗಳು ಪಂಚಮಿಗೆ ಸ್ವಲ್ಪ ಮೊದಲು ಮುಗಿದವು. ಸಂಭಾಜಿನಗರದ ಡಾಕ್ಟರರೂ ನೋಡಿ ಪೂರ್ತಿ ವಾಸಿಯಾಗಿದೆ ಅಂದರು. ಮೊದಲ ಪಂಚಮಿಗೆ ತವರಿಗೆ ಹೋಗಬೇಕಲ್ಲ, ನೇರಳೆ ಸೀರೆಯನ್ನೇ ಉಟ್ಟು ಹೋಗು ಅಂದರು ಅತ್ತೆ. ಕುಪ್ಪಸ ಹಾಕಿಕೊಂಡರೆ ಹುಕ್ಕು ಬೀಳಲೊಲ್ಲದು. ಅತ್ತೆ ಬಾಗಿಲ ಬೆಳಕಿಗೆ ಕೂತು, ಉಳಿದ ಸಾಲುಗಳ ದಾರವನ್ನು ಸೂಜಿಯ ತುದಿಯಿಂದ ಒಂದೊಂದಾಗಿ ಎತ್ತಿ ಎಳೆದು ತೆಗೆದರು. ಆಮೇಲೆ ಹಾಕಿಕೊಂಡರೆ ಸರಿಯಾಗಿ ಕೂತಿತು. ಯೇವಲಾದಲ್ಲಿ ಅವ್ವ ಕೊಟ್ಟ ಅಳತೆಗೆ ಎಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂತಿತು.

ನಾಶಿಕದ ಮನೆಯ ಬಾಗಿಲಲ್ಲಿ ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ ಬೀಗಿದಳು. "ನಾ ಹೇಳಿದ್ದಿಲ್ಲೇನು, ನನ್ನ ಅಳತಿ ಖರೆ ಇತ್ತು ಅಂತ. ನಿನ್ನ ಮಾತು ಕೇಳಿ ಆ ಗುಲಾಬಿದು ಕಳ್ಸಿದ್ರ ಇವತ್ತು ಇದು ನಿನ್ನ ತೋಳಿಗೂ ಬರ್ತಿದ್ದಿಲ್ಲ." ಅಪ್ಪ ಎಳ್ಳುಂಡಿ ಬಾಯಿಗೆ ಹಾಕಿಕೊಂಡು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ನಾನು, ಹೌದವ್ವಾ, ನಿಂದೇ ಖರೆ ಅಂದೆ. ಅವಳಿಗೆ ಹೊಲಿಗೆಯ ಮಾತು ಹೇಳುವುದಿಲ್ಲ ಅಂತ ಬಸ್ಸಿನಲ್ಲೇ ನಿರ್ಧಾರ ಮಾಡಿ ಬಂದಿದ್ದೆ. ಅತ್ತೆ ಇಷ್ಟು ದಿನ ಕಾಯ್ದ ಮಾನವನ್ನು ನಾನು ಯಾಕೆ ಕಳೆಯಲಿ?

ಆದರೆ ಮಳೆ ಹಿಡಿದಿತ್ತು, ಬಸ್ಸಿನಲ್ಲಿ ಕುಪ್ಪಸ ಬೆವರಿಗೆ ತೊಯ್ದಿತ್ತು. ನಾನು ಸೀರೆ ಬದಲಿಸಿ ಬರುವಷ್ಟರಲ್ಲಿ ಅವ್ವ ಆ ಕುಪ್ಪಸವನ್ನು ಒಳಹೊರಗು ಮಾಡಿ ಬಾಲ್ಕನಿಯ ಹಗ್ಗಕ್ಕೆ ಗಾಳಿಗೆ ಹಾಕಿದ್ದಳು. ನೋಡಿದರೆ ಅದರ ಮುಂದೆಯೇ ನಿಂತಿದ್ದಾಳೆ. ರೇಷ್ಮೆಗೆ ಸೂಜಿ ಚುಚ್ಚಿದರೆ ಗುರುತು ಹೋಗುವುದಿಲ್ಲ. ಎರಡೂ ಪಕ್ಕದಲ್ಲಿ, ಒಂದರ ಆಚೆ ಒಂದು, ತೂತುಗಳ ಸಾಲುಗಳು ಬೆಳಕಿಗೆ ಕಾಣುತ್ತಿದ್ದವು. ಅವ್ವ ನಡುವಿನ ಸಾಲಿನ ಮೇಲೆ ಬೆರಳಿಟ್ಟು ನಿಧಾನಕ್ಕೆ ಕೆಳಗಿಳಿಸಿದಳು, ಯೇವಲಾದ ಬೇವಿನ ಮರದ ಕೆಳಗೆ ಕೌದಿಯ ಮೇಲೆ ಆಡಿಸಿದ ಅದೇ ಬೆರಳು.

"ಮದವಿ ದಿನ ಇಲ್ಲಿತನಾ ಇತ್ತೇನು?" ಅಂತ ಕೇಳಿದಳು.

"ಹೌದವ್ವಾ."

"ಅವರಿಗಿ ಗೊತ್ತಿತ್ತು."

"ಯೇವಲಾದಾಗಿಂದ."

ಅವ್ವ ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಫೋನ್ ಹಚ್ಚಿ ಕೊಡು," ಅಂದಳು. ನಾನು ಅತ್ತೆಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ ಅವಳ ಕೈಗೆ ಕೊಟ್ಟೆ.

"ಬೀಗರ," ಅಂದಳು ಅವ್ವ, "ಊಟ ಆಯ್ತ್ರೇನ್ರಿ?"

"ಆಯ್ತ್ರಿ. ನಿಮದ್ರಿ?"

ಅವ್ವ ಬಾಯಿ ತೆರೆದಳು, ಮುಚ್ಚಿದಳು, ಹಗ್ಗದ ಮೇಲಿನ ಕುಪ್ಪಸವನ್ನು ನೋಡಿದಳು. ಆಮೇಲೆ ಅತ್ತೆಯೇ ಮಾತಾಡಿದರು.

"ಜಂಪರ್ ನೋಡಿದ್ರೇನ್ರಿ ಬೀಗರ? ಇರ್ಲಿ ಬಿಡ್ರಿ. ಪೋರಿಗಿ ಪಂಚಮಿ ಉಂಡಿ ಹೊಟ್ಟಿ ತುಂಬಾ ಹಾಕಿ ಕಳ್ಸ್ರಿ. ನಿಮ್ಮ ಅಳತಿಗಿಂತ ಒಂದಿಷ್ಟು ಹೆಚ್ಚಿಗೇ ಬಟ್ಟಿ ಒಳಗ ಬಿಡ್ಸೀನಿ."